‘ಇಬ್ಬರು ಕೀಬೋರ್ಡ್‌ನವರು ಯಾಕ್ರೀ ಬೇಕು?’

ನಾನು ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ, ಹೆಚ್ಚಾಗಿ ಸೆಕೆಂಡ್ ಕೀಬೋರ್ಡ್. ಹಾಗಾಗಿ ಈ ಪ್ರಶ್ನೆ ನನ್ನನ್ನು ಬಿಟ್ಟು ಇನ್ಯಾರನ್ನು ಕೇಳಬೇಕು? ಗಣೇಶೋತ್ಸವದ ಕಮಿಟಿಯವರು ಕೇಳುತ್ತಾರೆ, ಒಬ್ಬರ ಪೇಮೆಂಟ್ ಉಳಿಯುತ್ತದೇನೋ ಎಂಬ ಆಸೆ ಅವರಿಗೆ. ಕಾಲೇಜು ಬ್ಯಾಂಡಿನ ಹುಡುಗರು ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. ‘ಒಂದರಲ್ಲೇ ಸಾವಿರ ಟೋನ್ ಇರುತ್ತಲ್ಲ ಸಾರ್, ಮತ್ತೆ ಇಬ್ಬರು ಯಾಕೆ?’

ಟೋನ್, ಅಂದರೆ ಬೇರೆಬೇರೆ ವಾದ್ಯಗಳ ಸದ್ದು, ಸಾವಿರ ಇದ್ದರೂ ನುಡಿಸುವವನ ಕೈ ಎರಡೇ ಅಲ್ವಾ.

ರಾಜನ್-ನಾಗೇಂದ್ರ ಕಾಲದ ಒಂದು ಸಿನಿಮಾ ಹಾಡು ಅಂದುಕೊಳ್ಳಿ. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಮೊದಲು ಒಂದು ಬಿಟ್ ಬರುತ್ತದೆ. ಪಿಟೀಲುಗಳ ಗುಂಪು ಶುರು ಮಾಡುತ್ತದೆ, ಅದರ ಮೇಲೆ ಕೊಳಲು, ಕೊನೆಗೆ ಸಿತಾರಿನ ಒಂದು ತುಣುಕು. ಸ್ಟುಡಿಯೋದಲ್ಲಿ ಇದಕ್ಕೆಲ್ಲ ಬೇರೆಬೇರೆ ಜನ ಕೂತಿರುತ್ತಿದ್ದರು. ಸ್ಟೇಜ್ ಮೇಲೆ ಅದೆಲ್ಲ ಕೀಬೋರ್ಡಿನ ತಲೆಗೇ ಬರುತ್ತದೆ.

ಈಗ ಕೊಳಲಿನ ಜಾಗ ನೋಡಿ. ಕೀ ಒತ್ತಿದರೆ ಸ್ವರ ಬರುತ್ತದೆ, ನಿಜ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಆ ಸಣ್ಣ ಗಮಕ, ಬರೀ ಕೀ ಒತ್ತಿದರೆ ಬರುವುದಿಲ್ಲ. ಅದಕ್ಕೆ ಕೀಬೋರ್ಡಿನ ಎಡ ತುದಿಯಲ್ಲಿ ಪಿಚ್ ಬೆಂಡ್ ಇರುತ್ತದೆ. ಯಮಹಾದಲ್ಲಿ ಚಕ್ರ, ಕಾರ್ಗ್‌ನಲ್ಲಿ ಹೆಚ್ಚಾಗಿ ಜಾಯ್‌ಸ್ಟಿಕ್. ಬಲಗೈ ಸ್ವರ ಹಿಡಿಯುತ್ತದೆ, ಎಡಗೈ ಬೆಂಡ್ ಮೇಲೆ ಕೂರುತ್ತದೆ. ಲೀಡ್ ಅನ್ನು, ಅಂದರೆ ಎಲ್ಲಕ್ಕಿಂತ ಮುಂದೆ ಕೇಳಿಸುವ ರಾಗವನ್ನು, ಚೆನ್ನಾಗಿ ನುಡಿಸುವವನ ಎಡಗೈ ಇಡೀ ಬಿಟ್‌ನಲ್ಲಿ ಅಲ್ಲಿಂದ ಏಳುವುದೇ ಇಲ್ಲ. ಹಾಗಾದರೆ ಕೆಳಗೆ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಮೂರ್ನಾಲ್ಕು ಸ್ವರ, ಹಿಡಿಯುವವರು ಯಾರು? ಯಾರೂ ಹಿಡಿಯದಿದ್ದರೆ ಕೊಳಲು ಒಂಟಿಯಾಗುತ್ತದೆ, ತಬಲಾ ಮತ್ತು ಬೇಸ್ ಗಿಟಾರ್ ಮಧ್ಯೆ ದೊಡ್ಡ ಖಾಲಿ ಜಾಗ ಕೇಳಿಸುತ್ತದೆ. ಆ ಖಾಲಿ ಜಾಗದಲ್ಲಿ ಕೂರುವವನು ನಾನು. ಸ್ಟ್ರಿಂಗ್ಸ್, ಪಿಯಾನೋ, ಬ್ರಾಸ್, ಆಗಾಗ ಕೋರಸ್ಸಿನ ‘ಆ’ಕಾರ. ಜನ ನನ್ನ ಕಡೆ ನೋಡುವುದಿಲ್ಲ, ಚಪ್ಪಾಳೆ ಕೊಳಲಿಗೆ ಹೋಗುತ್ತದೆ. ಅದು ಇರಲಿ.

‘ಸ್ಪ್ಲಿಟ್ ಹಾಕಿಕೊಳ್ಳಬಹುದಲ್ಲ’ ಎಂದು ತಿಳಿದವರು ಹೇಳುತ್ತಾರೆ. ಅಂದರೆ ಎಡಭಾಗದ ಕೀಗಳಿಗೆ ಪಿಟೀಲು, ಬಲಭಾಗಕ್ಕೆ ಕೊಳಲು. ಹಾಕುತ್ತೇವೆ, ಒಬ್ಬನೇ ಹೋಗಬೇಕಾದ ಸಣ್ಣ ಪ್ರೋಗ್ರಾಮಿಗೆ ಅದೇ ಗತಿ. ನಮ್ಮಲ್ಲಿ ಸಾಮಾನ್ಯವಾಗಿ ಇರುವುದು 61 ಕೀ. ಅರ್ಧ ಮಾಡಿದರೆ ಪಿಟೀಲಿನ ಗುಂಪಿಗೆ ಓಡಾಡಲು ಜಾಗ ಇಲ್ಲ, ಕೊಳಲಿಗೆ ಬೆಂಡ್ ಮಾಡಲು ಕೈ ಇಲ್ಲ. ಇನ್ನೊಂದು ತಾಪತ್ರಯವೂ ಇದೆ. ಹಳೆಯ ಕೀಬೋರ್ಡುಗಳಲ್ಲಿ ಟೋನ್ ಬದಲಿಸಿದ ಕೂಡಲೇ ಹಿಂದಿನ ಸ್ವರ ಪಟ್ ಎಂದು ಕಟ್ ಆಗುತ್ತದೆ. ಪಿಟೀಲು ಮೆಲ್ಲಗೆ ಕರಗಬೇಕಾದ ಜಾಗದಲ್ಲಿ ಯಾರೋ ಸ್ವಿಚ್ ಆರಿಸಿದ ಹಾಗೆ ಕೇಳಿಸುತ್ತದೆ. 2011ರಲ್ಲಿ ಬಂದ ಕಾರ್ಗ್ ಕ್ರೋನೋಸ್‌ನಂಥ ದುಬಾರಿ ಮಾಡೆಲ್‌ಗಳಲ್ಲಿ ಹೊಸ ಟೋನ್‌ಗೆ ಹೋದರೂ ಹಳೆಯದು ತಾನಾಗಿ ಇಳಿಯುವವರೆಗೆ ಉಳಿಯುತ್ತದೆ. ಹಳ್ಳಿ ಜಾತ್ರೆಯ ಪೇಮೆಂಟಿನಲ್ಲಿ ಕ್ರೋನೋಸ್ ಕೊಳ್ಳುವುದು ಹೇಗೆ ಎಂದು ಗೊತ್ತಿದ್ದವರು ನನಗೂ ಹೇಳಿಕೊಡಿ.

ಇದೆಲ್ಲ ನಕಲು ಮಾಡುವವರ ಕಷ್ಟ, ಸ್ವಂತ ಹಾಡು ನುಡಿಸುವ ಬ್ಯಾಂಡಿಗೆ ಯಾಕೆ ಎಂದು ಕಾಲೇಜು ಹುಡುಗರು ಕೇಳುತ್ತಾರೆ. ಅವರಿಗೆ ನಾನು ಅಮೆರಿಕದ ಚರ್ಚುಗಳ ಕಥೆ ಹೇಳುತ್ತೇನೆ.

ಕರೆಂಟಿನಲ್ಲಿ ನುಡಿಯುವ ಹ್ಯಾಮಂಡ್ ಆರ್ಗನ್ ಮಾರುಕಟ್ಟೆಗೆ ಬಂದಿದ್ದು 1935ರಲ್ಲಿ. ದೊಡ್ಡ ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚುಗಳಿಗೆ ಅದು ಅನುಕೂಲವಾಯಿತು. ಕಪ್ಪು ಜನರ ಚರ್ಚುಗಳಲ್ಲಿ ಪಿಯಾನೋ ಮತ್ತು ಹ್ಯಾಮಂಡ್ ಜೋಡಿಯಾಗಿ ನುಡಿಯುವ ರೂಢಿ ಬೆಳೆಯಿತು. ಆ ಜೋಡಿ ಯಾಕೆ ಕೂಡಿಬರುತ್ತದೆ ಅಂದರೆ, ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಬಡಿಯುತ್ತದೆ, ಶಬ್ದ ಎದ್ದ ಗಳಿಗೆಯಿಂದಲೇ ಇಳಿಯಲು ಶುರು. ಆರ್ಗನ್ ಹಾಗಲ್ಲ, ಕೀ ಒತ್ತಿಹಿಡಿದಷ್ಟು ಹೊತ್ತೂ ಸ್ವರ ನಿಂತಿರುತ್ತದೆ. ಒಂದು ಬಡಿತ ಕೊಡುತ್ತದೆ, ಇನ್ನೊಂದು ಹಾಸು ಹಾಸುತ್ತದೆ. ಇಬ್ಬರೂ ಒಂದೇ ಕಾರ್ಡ್ ನುಡಿಸಿದರೂ ಒಬ್ಬರ ಮೇಲೆ ಒಬ್ಬರು ಬೀಳುವುದಿಲ್ಲ.

ಈ ಜೋಡಿಯನ್ನು ರಾಕ್ ಬ್ಯಾಂಡುಗಳೂ ಎತ್ತಿಕೊಂಡವು. ಇಂಗ್ಲೆಂಡಿನ ಪ್ರೋಕಲ್ ಹಾರಮ್‌ನಲ್ಲಿ ಗ್ಯಾರಿ ಬ್ರೂಕರ್ ಪಿಯಾನೋ, ಮ್ಯಾಥ್ಯೂ ಫಿಶರ್ ಹ್ಯಾಮಂಡ್. ‘ದಿ ಬ್ಯಾಂಡ್’ ಎಂದೇ ಹೆಸರಿಟ್ಟುಕೊಂಡವರಲ್ಲಿ ರಿಚರ್ಡ್ ಮ್ಯಾನ್ಯುಯೆಲ್ ಪಿಯಾನೋಗೆ, ಗಾರ್ಥ್ ಹಡ್ಸನ್ ಆರ್ಗನ್ನಿಗೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಇ ಸ್ಟ್ರೀಟ್ ಬ್ಯಾಂಡಿನಲ್ಲಿ 1974ರಿಂದ ರಾಯ್ ಬಿಟನ್ ಪಿಯಾನೋ, ಡ್ಯಾನಿ ಫೆಡೆರಿಸಿ ಆರ್ಗನ್. ಫೆಡೆರಿಸಿ 2008ರಲ್ಲಿ ತೀರಿಕೊಂಡರು. ಅವರು ಕಾಯಿಲೆ ಬಿದ್ದಾಗಲೇ, ಬಿಟನ್ ಒಬ್ಬರೇ ಎರಡನ್ನೂ ಸಂಭಾಳಿಸಲಿ ಎಂದು ಬ್ಯಾಂಡಿನವರು ಬಿಡಲಿಲ್ಲ, ಆ ಜಾಗಕ್ಕೆ ಚಾರ್ಲ್ಸ್ ಜಿಯೋರ್ಡಾನೊ ಬಂದರು.

ನನಗೆ ಇದರಲ್ಲೆಲ್ಲ ಜಾಸ್ತಿ ಇಷ್ಟವಾದ ಕಥೆ ಆಲ್ಮನ್ ಬ್ರದರ್ಸ್‌ದು. ಅದು ಇಬ್ಬರು ಗಿಟಾರಿಸ್ಟರ ಬ್ಯಾಂಡ್ ಎಂದೇ ಪ್ರಸಿದ್ಧ. 1971ರ ಅಕ್ಟೋಬರಿನಲ್ಲಿ ಬೈಕ್ ಅಪಘಾತದಲ್ಲಿ ಅವರಲ್ಲೊಬ್ಬರಾದ ಡ್ವೇನ್ ಆಲ್ಮನ್ ಹೋದರು. ಇನ್ನೊಬ್ಬ ಗಿಟಾರಿಸ್ಟನನ್ನು ತಂದಿದ್ದರೆ ಬದುಕಿರುವಷ್ಟು ದಿನ ಡ್ವೇನ್ ಜೊತೆ ಅವನನ್ನು ಹೋಲಿಸುತ್ತಲೇ ಇರುತ್ತಿದ್ದರು. ಆದರೆ 1972ರಲ್ಲಿ ಅವರು ಸೇರಿಸಿಕೊಂಡಿದ್ದು ಚಕ್ ಲೆವೆಲ್ ಎಂಬ ಪಿಯಾನೋ ಹುಡುಗನನ್ನು. ಡ್ವೇನ್ ತಮ್ಮ ಗ್ರೆಗ್ ಆಗಲೇ ಹ್ಯಾಮಂಡ್ ನುಡಿಸುತ್ತಿದ್ದರು, ಹಾಡುವವರೂ ಅವರೇ. ಗಿಟಾರಿನ ಎದುರು ಮಾತಾಡುವ ಕೆಲಸ ಪಿಯಾನೋಗೆ ಬಂತು, ಹ್ಯಾಮಂಡ್ ತನ್ನ ಪಾಡಿಗೆ ಹಿಂದೆ ನಿಂತಿತು. ಬ್ಯಾಂಡಿನ ಬಣ್ಣವೇ ಬದಲಾಯಿತು. ಎರಡನೇ ಕೀಬೋರ್ಡ್ ಅಂದರೆ ಮೊದಲನೆಯದಕ್ಕೆ ಸಹಾಯ ಮಾಡುವುದು ಎಂದುಕೊಂಡವರು ಆ ಕಾಲದ ಅವರ ರೆಕಾರ್ಡಿಂಗ್ ಒಂದು ಸಲ ಕೇಳಬೇಕು.

ಇಬ್ಬರದೂ ಒಂದೇ ಥರದ ಸದ್ದಾದರೆ? ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅದನ್ನೂ ಮಾಡಿ ನೋಡಿದರು. 1969ರ ಫೆಬ್ರವರಿಯಲ್ಲಿ ‘ಇನ್ ಎ ಸೈಲೆಂಟ್ ವೇ’ ಆಲ್ಬಮ್ಮಿನ ರೆಕಾರ್ಡಿಂಗಿಗೆ ಹರ್ಬಿ ಹ್ಯಾನ್‌ಕಾಕ್, ಚಿಕ್ ಕೊರಿಯಾ, ಜೋ ಜಾವಿನುಲ್ ಎಂಬ ಮೂವರು ಕೀಬೋರ್ಡ್‌ನವರನ್ನೂ ಒಟ್ಟಿಗೆ ಕೂರಿಸಿದರು. ಮೂವರೂ ದೊಡ್ಡ ಕೈಗಳೇ. ಆದರೂ ಅದು ಗಜಿಬಿಜಿ ಆಗಲಿಲ್ಲ, ಯಾಕಂದರೆ ಯಾರೂ ಪೂರ್ತಿ ನುಡಿಸುತ್ತಿಲ್ಲ. ಒಬ್ಬರು ಒಂದು ಎಳೆ ಬಿಡುತ್ತಾರೆ, ಇನ್ನೊಬ್ಬರು ಕಾಯುತ್ತಾರೆ. 1970ರಲ್ಲಿ ಸ್ಟೇಜ್ ಮೇಲೆ ಕೊರಿಯಾ ಜೊತೆಗೆ ಕೀತ್ ಜ್ಯಾರೆಟ್ ಕೂಡ ಬಂದು ಕೂತರು. ಆ ವರ್ಷದ ಆಗಸ್ಟಿನಲ್ಲಿ ಐಲ್ ಆಫ್ ವೈಟ್ ಉತ್ಸವದಲ್ಲಿ ಇಬ್ಬರೂ ಇದ್ದರು. ಅಭಿಮಾನಿಗಳು ಬೈದರೂ ಪರವಾಗಿಲ್ಲ, ಆ ಜಗಳಗಂಟಿ ಸದ್ದಿನಲ್ಲಿ ಯಾರು ಏನು ಹೇಳುತ್ತಿದ್ದಾರೆ ಎಂದು ನನಗೆ ತಿಳಿಯುವುದಿಲ್ಲ. ಸ್ವಲ್ಪ ದಿನಕ್ಕೆ ಕೊರಿಯಾ ಬಿಟ್ಟರು, ಡಿಸೆಂಬರ್ ಹೊತ್ತಿಗೆ ಜ್ಯಾರೆಟ್ ಒಬ್ಬರೇ. ಆಗಿನ ರೆಕಾರ್ಡಿಂಗುಗಳೇ ನನಗೆ ಹೆಚ್ಚು ರುಚಿಸುತ್ತವೆ.

ನಮ್ಮ ಊರಿನ ಸ್ಟೇಜಿನಲ್ಲಿ ಗಜಿಬಿಜಿ ಆಗುವುದು ಹೆಚ್ಚಾಗಿ ಕೆಳಗಿನ ಸ್ವರಗಳಲ್ಲಿ. ಇಬ್ಬರೂ ಎಡಗೈಯಲ್ಲಿ ದಪ್ಪ ಕಾರ್ಡ್ ಹಿಡಿಯುತ್ತಾರೆ, ಅಲ್ಲೇ ಬೇಸ್ ಗಿಟಾರೂ ಇರುತ್ತದೆ. ಕೇಳುವವರಿಗೆ ಬರೀ ‘ಗುಂಯ್’. ಆದ್ದರಿಂದ ಬೇಸ್ ಗಿಟಾರ್ ಇರುವ ತಂಡದಲ್ಲಿ ನಾನು ನಡು ಸಾ ಕೆಳಗೆ ಇಳಿಯುವುದು ಅಪರೂಪ. ಫಸ್ಟ್ ಕೀಬೋರ್ಡ್ ಪಿಟೀಲು ತೆಗೆದುಕೊಂಡರೆ ನಾನು ಪಿಯಾನೋಗೆ ಹೋಗುತ್ತೇನೆ, ಇಲ್ಲವಾದರೆ ಕೈ ಎತ್ತಿ ಸುಮ್ನೆ ಕೂರುತ್ತೇನೆ. ಹೀಗೆ ಕೂತಾಗ ಒಮ್ಮೆ ಕಮಿಟಿಯವರೊಬ್ಬರು ಬಂದು ‘ನಿಮ್ಮದು ಕೆಟ್ಟುಹೋಯ್ತಾ ಸಾರ್?’ ಎಂದು ಕೇಳಿದ್ದರು. ಕೆಲವು ಕಡೆ ಸೌಂಡಿನವರು ಮಿಕ್ಸರಿನಲ್ಲಿ ಚಾನೆಲ್ ಕಡಿಮೆ ಎಂದು ಎರಡು ಕೀಬೋರ್ಡನ್ನೂ ಒಂದೇ ಚಾನೆಲ್‌ಗೆ ಸೇರಿಸುತ್ತಾರೆ. ಆಮೇಲೆ ನನ್ನ ಸ್ಟ್ರಿಂಗ್ಸ್ ತಗ್ಗಿಸಿದರೆ ಕೊಳಲೂ ಮಾಯ. ಅಂಥ ಕಡೆ ಇಬ್ಬರು ಇದ್ದೂ ಇಲ್ಲದ ಹಾಗೆ.

ಈಗ ಹೊಸ ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿದರೆ ಸೆಕೆಂಡ್ ಕೀಬೋರ್ಡ್ ಯಾಕೆ? ಎಷ್ಟೋ ತಂಡಗಳು ಹಾಗೇ ನಡೆಯುತ್ತಿವೆ, ಸದ್ದೂ ನನ್ನದಕ್ಕಿಂತ ಚೊಕ್ಕ. ಆದರೆ ಹಾಡುವವರು ಖುಷಿಗೆ ಪಲ್ಲವಿ ಇನ್ನೊಂದು ಸಲ ಎತ್ತಿಕೊಂಡರೆ ಟ್ರ್ಯಾಕ್ ಚರಣಕ್ಕೆ ಹೋಗಿಬಿಟ್ಟಿರುತ್ತದೆ. ಚರಣದ ಮಧ್ಯದಲ್ಲಿ ಶಾಸಕರ ಕಾರು ಬರುತ್ತದೆ, ನಿರೂಪಕರು ಮೈಕ್ ಕಿತ್ತುಕೊಳ್ಳುತ್ತಾರೆ, ಹಾರ, ಶಾಲು, ಎರಡು ಮಾತು. ಅಷ್ಟು ಹೊತ್ತೂ ನಾನು ಅದೇ ಕಾರ್ಡ್ ಮೆಲ್ಲಗೆ ಹಿಡಿದುಕೊಂಡು ಕೂತಿರುತ್ತೇನೆ. ಹಾಡುವವರು ಬಿಟ್ಟ ಜಾಗದಿಂದಲೇ ಮತ್ತೆ ಎತ್ತಿಕೊಳ್ಳುತ್ತಾರೆ. ಲ್ಯಾಪ್‌ಟಾಪಿಗೆ ಶಾಸಕರು ಕಾಣುವುದಿಲ್ಲ.

ಇನ್ನು ಕಾಲೇಜು ಬ್ಯಾಂಡಿನವರಿಗೆ: ನಿಮ್ಮಲ್ಲಿ ಈಗಾಗಲೇ ಇಬ್ಬರು ಗಿಟಾರಿಸ್ಟರು, ಒಬ್ಬ ಕೀಬೋರ್ಡ್ ಇದ್ದಾರೆ ಅಂದರೆ ಇನ್ನೊಂದು ಕೀಬೋರ್ಡ್ ಬೇಡ, ಜಾಗವೇ ಇಲ್ಲ. ಒಂದೇ ಗಿಟಾರ್ ಇದ್ದು, ಕೀಬೋರ್ಡ್‌ನವನೇ ಹಾಡುವವನೂ ಆಗಿದ್ದರೆ ಧಾರಾಳವಾಗಿ ತನ್ನಿ. ಬೇಸ್ ನುಡಿಸುವವರೇ ಇಲ್ಲದೆ ಎರಡನೇ ಕೀಬೋರ್ಡ್ ಹುಡುಕುತ್ತಿದ್ದರೆ ಮೊದಲು ಬೇಸಿಗೆ ಒಬ್ಬರನ್ನು ಹುಡುಕಿ, ಆಮೇಲೆ ನನಗೆ ಫೋನ್ ಮಾಡಿ. ಗಣೇಶನ ಸೀಸನ್‌ನಲ್ಲಿ ಮಾತ್ರ ಮಾಡಬೇಡಿ, ಎತ್ತುವುದಿಲ್ಲ.