ಹಾಸಿಗೆಯಡಿ ಕತ್ತಿ

ನಮ್ಮ ಮನೆಯಲ್ಲಿ ಕತ್ತಿಗೇನೂ ಬರವಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿಗಳೇ ಒಂದು ರಾಶಿ ಅಟ್ಟದ ಮೇಲಿವೆ. ಸೊಪ್ಪು ಕಡಿಯೋಕೆ ಒಂದು, ಕಾಯಿ ಕೆತ್ತೋಕೆ ಒಂದು, ಬೇಲಿ ಸವರೋಕೆ ಇನ್ನೊಂದು. ಬೇಲಿ ಸವರೋ ಕತ್ತಿ 2024ರ ಜನವರಿಯಲ್ಲಿ ನನ್ನ ಹಾಸಿಗೆಯಡಿಗೆ ಬಂತು. ತೋಟದ ಕೆಲಸಕ್ಕೆ ಬರುವವರು ಒಂದಷ್ಟು ದಿನ ಹುಡುಕಿ, ಕಳೆದುಹೋಗಿದೆ ಅಂದುಕೊಂಡು ಹೊಸದು ತರಿಸಿದರು. ನಾನು ಬಾಯಿ ಬಿಡಲಿಲ್ಲ.

ತೀರ್ಥಹಳ್ಳಿ ಕಡೆಯ ಒಂಟಿಮನೆ ನಮ್ಮದು. ಪಕ್ಕದ ಮನೆ ಅಂದರೆ ಗದ್ದೆ ದಾಟಿ, ಹಳ್ಳ ದಾಟಿ. ಅಡಿಕೆ ಒಣಗಿ ಚೀಲಕ್ಕೆ ತುಂಬಿದ ಹೊತ್ತು ಅದು. ಕ್ವಿಂಟಾಲ್ 'ರಾಶಿ' ದರ್ಜೆಯ ಅಡಿಕೆಗೆ 50 ಸಾವಿರದ ಆಸುಪಾಸು ದರ ಇದ್ದಾಗ ಇಂಥ ಮನೆಯ ಜಗಲಿ ಅಂದರೆ ಕಾವಲುಗಾರನಿಲ್ಲದ ಬ್ಯಾಂಕೇ ಸರಿ. ಇವರು, ನನ್ನ ಗಂಡ, ಶಿವಮೊಗ್ಗಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಮಾವ, ಮಗಳು. ಕಳ್ಳರು ಹಿಂದಿನ ಬಾಗಿಲಿನ ಅಗಳಿ ಮೀಟಿಕೊಂಡು ಬಂದರು, ಮುಖಕ್ಕೆ ಬಟ್ಟೆ. ಉಳಿದದ್ದನ್ನು ಪೊಲೀಸರಿಗೆ ಹೇಳಿದ್ದೇನೆ, ಇಲ್ಲಿ ಬೇಡ. ಯಾರ ಮೈಗೂ ದೊಡ್ಡ ಪೆಟ್ಟಾಗಲಿಲ್ಲ. "ಬಂಗಾರ ತಾನೇ ಹೋಗಿದ್ದು, ಜೀವ ಉಳೀತಲ್ಲ" ಅಂತ ಮಾತಾಡಿಸೋಕೆ ಬಂದವರೆಲ್ಲ ಕಾಫಿ ಕುಡಿದು ಹೇಳಿಹೋದರು.

ಅಲ್ಲಿಂದ ಶುರುವಾಗಿದ್ದು ರಾತ್ರಿಯ ಕಥೆ. ಕತ್ತಿಯ ಜೊತೆ ತಲೆದೆಸೆಯಲ್ಲಿ ಖಾರದ ಪುಡಿಯ ಡಬ್ಬಿ, ಬಾಗಿಲ ಹಿಂದೆ ಒನಕೆ. ಖಾರದ ಪುಡಿಗೂ ಹುಳ ಬೀಳುತ್ತೆ, ಗೊತ್ತಿರಲಿಲ್ಲ. ಮಲಗುವ ಮೊದಲು ಅಗಳಿ ನೋಡುವುದು, ಮಲಗಿ ಎದ್ದು ಮತ್ತೆ ನೋಡುವುದು, ಆಮೇಲೆ ಕೈ ಇಳಿಬಿಟ್ಟು ಕತ್ತಿಯ ಹಿಡಿ ತಡವುವುದು. ಕೈಗೆ ಹಿಡಿ ಸಿಕ್ಕಿದರೆ ಉಸಿರು ಸ್ವಲ್ಪ ಸಲೀಸು. ಅಷ್ಟರಲ್ಲಿ ತೋಟದಲ್ಲಿ ಎಲ್ಲೋ ಒಂದು ಸೋಗೆ ಬೀಳುತ್ತಿತ್ತು. ಒಣಗಿದ ಅಡಿಕೆ ಸೋಗೆ ರಾತ್ರಿ ಹೊತ್ತು ಬಿದ್ದರೆ ಎಂಥ ಸದ್ದು ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಮದುವೆಯಾಗಿ ಬಂದಾಗಿನಿಂದ ಕೇಳಿದ ಸದ್ದೇ. ಆದರೂ ಎದೆ ಹೊಡೆದುಕೊಂಡು ಎದ್ದು ಕೂರುತ್ತಿದ್ದೆ. ಹೆಂಚಿನ ಮೇಲೆ ಪುನುಗಿನ ಬೆಕ್ಕು ಓಡಿದರೂ ಅಷ್ಟೇ. ಹಗಲು ಅಡುಗೆಮನೆಯಲ್ಲಿ ನಿಂತೇ ತೂಕಡಿಸುತ್ತಿದ್ದೆ.

ಒನಕೆ ನೋಡಿದವರು ಸುಮ್ಮನಿರುತ್ತಾರಾ? "ನೀನು ಓಬವ್ವನೇ ಬಿಡು ಮಾರಾಯ್ತಿ" ಅಂತ ನಕ್ಕರು. ಸರ್ಕಾರವೂ 2021ರಿಂದ ನವೆಂಬರ್ 11ಕ್ಕೆ ಓಬವ್ವನ ಜಯಂತಿ ಮಾಡುತ್ತಿದೆ, ಸಂತೋಷ. ಆದರೆ ನನಗೆ ಆ ಹೋಲಿಕೆ ಕೇಳಿದರೆ ಸಿಟ್ಟು ಬರುತ್ತಿತ್ತು. ಚಿತ್ರದುರ್ಗದ ಓಬವ್ವ ಕಾಯಬೇಕಿದ್ದದ್ದು ಒಂದು ಕಿಂಡಿ. ಶತ್ರುಗಳು ಅಲ್ಲಿಂದಲೇ ಬರುತ್ತಾರೆ, ಒಬ್ಬೊಬ್ಬರಾಗಿ ಬರುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ನಮ್ಮ ಮನೆಗೆ ನಾಲ್ಕು ಬಾಗಿಲು. ಅದೂ ಅಲ್ಲದೆ ಓಬವ್ವ ಆವತ್ತೇ ತೀರಿಕೊಂಡಳು ಅಂತಾರೆ. ಉಳಿದಿದ್ದರೆ ಆಮೇಲಿನ ರಾತ್ರಿಗಳಲ್ಲಿ ನಿದ್ದೆ ಮಾಡಿದಳಾ ಅಂತ ಯಾರಾದರೂ ಕೇಳುತ್ತಿದ್ದರೋ ಏನೋ.

ಹಾಸಿಗೆ ಹತ್ತಿರ ಕಬ್ಬಿಣ ಇಡೋದು ನಮಗೆ ಹೊಸದಲ್ಲ. ನಾನು ಬಾಣಂತಿಯಾಗಿದ್ದಾಗ ಅಮ್ಮ ದಿಂಬಿನಡಿ ಅಡಕತ್ತಿ ಇಟ್ಟಿದ್ದಳು, ಗಾಳಿಗೀಳಿ ಸೋಕಬಾರದು ಅಂತ. ಅದು ಅಲ್ಲಿದೆ ಅನ್ನೋದೇ ನನಗೆ ಮರೆತುಹೋಗಿತ್ತು. ಈ ಕತ್ತಿ ಹಾಗಲ್ಲ, ಒಂದು ಗಂಟೆಯೂ ತನ್ನನ್ನು ಮರೆಯೋಕೆ ಬಿಡುತ್ತಿರಲಿಲ್ಲ.

ಇನ್ನು ಮಾವನ ಕೋವಿ. ಬೆಳೆ ರಕ್ಷಣೆಗೆ ಅಂತ ಪರವಾನಗಿ ಪಡೆದದ್ದು, ಮಂಗ ಹೆದರಿಸೋಕೆ ಸದ್ದು ಮಾಡಿದ್ದು ಬಿಟ್ಟರೆ ಬೇರೆ ಕೆಲಸ ಮಾಡಿಲ್ಲ. ಅವತ್ತು ಅದು ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು, ತೋಟೆಗಳು ದೇವರ ಕೋಣೆಯ ಪೆಟ್ಟಿಗೆಯಲ್ಲಿ. "ತುಂಬಿಸಿ ತಲೆದೆಸೆಗೆ ಇಟ್ಕೊಳ್ಳಿ" ಅಂತ ನೆಂಟರು ಸಲಹೆ ಕೊಟ್ಟರು. ಇವರಿಗೂ ಅದು ಸರಿ ಅನ್ನಿಸಿತ್ತು. ಅಷ್ಟರಲ್ಲಿ ಲೋಕಸಭೆ ಚುನಾವಣೆ ಬಂತು. ಮಾರ್ಚ್ 16ಕ್ಕೆ ನೀತಿ ಸಂಹಿತೆ, ಹಿಂದೆಯೇ ಕೋವಿ ಠಾಣೆಗೆ ಒಪ್ಪಿಸಿ ಅಂತ ಬುಲಾವ್. ಪ್ರತಿ ಚುನಾವಣೆಗೂ ಇದೇ ಗೋಳು, ಮಂಗಗಳಿಗೆ ಮಾತ್ರ ನೀತಿ ಸಂಹಿತೆ ಇಲ್ಲ. ನಮ್ಮಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟು ಕಾಲ ಕೋವಿ ಇಲ್ಲದ ಮನೆಯಲ್ಲಿ ಹೇಗಪ್ಪಾ ಅಂತ ಕಂಗಾಲಾಗಿದ್ದೆ. ಆದರೆ ನಿದ್ದೆ ಇದ್ದಂತೆಯೇ ಇತ್ತು. ಹೆಚ್ಚು ಕೆಡಲಿಲ್ಲ, ಸುಧಾರಿಸಲೂ ಇಲ್ಲ. ಕೋವಿ ಇದ್ದಾಗಲೂ ಎರಡೂವರೆಗೆ ಎಚ್ಚರ, ಠಾಣೆಗೆ ಹೋದ ಮೇಲೂ ಎರಡೂವರೆಗೇ ಎಚ್ಚರ. ಇದು ನನ್ನನ್ನು ಯೋಚನೆಗೆ ಹಚ್ಚಿತು. ಮನೆಯಲ್ಲಿ ಏನು ಇದೆ, ಏನು ಇಲ್ಲ ಅನ್ನೋದರ ಲೆಕ್ಕವೇ ನನ್ನ ಮೈಗೆ ಬೇಕಿರಲಿಲ್ಲ.

14416ಕ್ಕೆ ಫೋನ್ ಮಾಡಿದ್ದು ಆಗ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹುಡುಗಿ ನಾನು ಹೇಳಿ ಮುಗಿಸುವವರೆಗೂ ಮಾತಾಡಲು ಬಿಟ್ಟಳು, ಇಷ್ಟು ದಿನದಲ್ಲಿ ಹಾಗೆ ಬಿಟ್ಟವರು ಕಡಿಮೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ತೋರಿಸಿ ಅಂದಳು. ಮನೋಚೈತನ್ಯ ಅನ್ನುವ ಕಾರ್ಯಕ್ರಮ ಅದು. ಹಲ್ಲುನೋವಿಗೆ ಹೋಗುತ್ತೇನೆ ಅಂತ ಓರಗಿತ್ತಿಗೆ ಹೇಳಿ ಹೋದೆ.

ಡಾಕ್ಟರು ಕತ್ತಿ ತೆಗೆಯಿರಿ ಅನ್ನಲೇ ಇಲ್ಲ. ಹೀಗೆ ಹೆದರಿದವರು ಏನಾದರೊಂದನ್ನು ಹತ್ತಿರ ಇಟ್ಟುಕೊಳ್ಳೋದು ಸಾಮಾನ್ಯ ಅಂದರು. ಒಬ್ಬೊಬ್ಬರು ದೊಣ್ಣೆ ಇಡ್ತಾರೆ, ಕೆಲವರು ದೀಪ ಆರಿಸುವುದೇ ಇಲ್ಲ. "ಅಪಾಯ ಮುಗೀತು ಅಂತ ನಿಮ್ಮ ಬುದ್ಧಿಗೆ ಗೊತ್ತಿದೆ, ಮೈ ಇನ್ನೂ ನಂಬಿಲ್ಲ. ಪ್ರತಿ ಸಲ ಹಿಡಿ ತಡವಿದಾಗ ಕಳ್ಳ ಇದ್ದಾನೆ ಅಂತ ನೀವೇ ಮೈಗೆ ನೆನಪಿಸ್ತಿದ್ದೀರಿ." ಆಮೇಲೆ ಒಂದು ಪ್ರಶ್ನೆ ಕೇಳಿದರು: "ರಾತ್ರಿ ನಿಮ್ಮನೇಲಿ ಯಾರ್ಯಾರು ಓಡಾಡ್ತಾರೆ?" ಹೇಳುತ್ತ ಹೋದೆ. ಮಾವ ಮೂತ್ರಕ್ಕೆ ಏಳುತ್ತಾರೆ, ದೀಪ ಹಾಕಿದರೆ ನನಗೆ ಎಚ್ಚರವಾಗುತ್ತೆ ಅಂತ ಕತ್ತಲಲ್ಲೇ ಹೋಗುತ್ತಾರೆ. ಮಗಳು ನೀರಿಗೆ ಏಳುತ್ತಾಳೆ. ಇವರು ತೋಟಕ್ಕೆ ಹಂದಿ ಬಂತಾ ಅಂತ ನೋಡೋಕೆ ಹೋಗಿ ಹಿಂದಿನ ಬಾಗಿಲಿಂದ ಬರುತ್ತಾರೆ. ಹೇಳಿ ಮುಗಿಸೋ ಹೊತ್ತಿಗೆ ನನ್ನ ಕೈ ತಣ್ಣಗಾಗಿತ್ತು. ಕಳ್ಳರು ಬಂದದ್ದು ಒಂದು ರಾತ್ರಿ, ಇವರೆಲ್ಲ ಓಡಾಡುವುದು ದಿನಾ.

ಕೋವಿಯ ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ವಾಪಸು ಬಂದ ಮೇಲೆ ಬೀಗದಲ್ಲಿರಲಿ, ತೋಟೆ ಬೇರೆ ಕಡೆ, ಬೀಗದ ಕೈ ನಿಮ್ಮ ಹತ್ತಿರ ಬೇಡ. ಸಾಯಬೇಕು ಅಂತ ಯಾವಾಗಲಾದರೂ ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳಿದರು. ಪಕ್ಕದಲ್ಲಿದ್ದ ಇವರಿಗೆ ಅದು ಹಿಡಿಸಲಿಲ್ಲ, ಮುಖ ಆ ಕಡೆ ತಿರುಗಿಸಿಕೊಂಡರು. ನನಗೆ ಕೇಳಿದ್ದೇ ಒಳ್ಳೆಯದಾಯ್ತು.

ಕಾನೂನಿನ ಮಾತು ವಕೀಲನಾಗಿರುವ ತಮ್ಮ ಹೇಳಿದ. ಆ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತ್ತು. ಸೂರ್ಯ ಮುಳುಗಿದ ಮೇಲೆ ಮನೆ ಮುರಿದು ನುಗ್ಗಿದವರನ್ನು ತಡೆಯುವ ಹಕ್ಕು ಅದರಲ್ಲೂ ಗಟ್ಟಿಯಾಗೇ ಇದೆ. "ಆದ್ರೆ ಅಕ್ಕ, ಎಷ್ಟು ಬೇಕೋ ಅಷ್ಟೇ. ಓಡಿಹೋಗ್ತಿರೋನ ಬೆನ್ನಿಗೆ ಹೊಡೆದ್ರೆ ಕೋರ್ಟಲ್ಲಿ ನೀನೇ ನಿಂತ್ಕೊಬೇಕಾಗುತ್ತೆ." ಎರಡೂವರೆ ಗಂಟೆ ರಾತ್ರಿಗೆ ಆ ಲೆಕ್ಕ ಯಾರು ಹಾಕುತ್ತಾರೋ!

ಕತ್ತಿಯನ್ನು ಒಂದೇ ಸಲಕ್ಕೆ ತೆಗೆಯಲಿಲ್ಲ. ಮೊದಲು ಹಾಸಿಗೆಯಡಿಯಿಂದ ಕೋಣೆಯ ಮೂಲೆಗೆ, ಎದ್ದು ನಾಲ್ಕು ಹೆಜ್ಜೆ ಇಟ್ಟರೇ ಸಿಗಬೇಕು. ಆ ನಾಲ್ಕು ಹೆಜ್ಜೆಯಲ್ಲಿ ಎದುರಿಗಿರೋದು ಮಾವ ಅಂತ ಗೊತ್ತಾಗುತ್ತೆ. ಆಮೇಲೆ ಕಪಾಟಿನ ಮೇಲಕ್ಕೆ. ಅದಿದ್ದ ಜಾಗಕ್ಕೆ ದೊಡ್ಡ ಟಾರ್ಚು ಬಂತು. ಮಾವ ಕೊನೆಗೂ ದೀಪ ಹಾಕಿಕೊಂಡು ಓಡಾಡೋಕೆ ಒಪ್ಪಿದರು, "ನಾನು ಮಗಾ" ಅಂತ ಕೂಗಿಯೇ ಬರುತ್ತಾರೆ. ಹಿಂದಿನ ಬಾಗಿಲಿಗೆ ಕಬ್ಬಿಣದ ಪಟ್ಟಿ ಹಾಕಿಸಿದೆವು, ಅಂಗಳಕ್ಕೆ ಸೋಲಾರ್ ದೀಪ. ಮಾತ್ರೆ ನಡೆದಿದೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಕತ್ತಿ ಕಪಾಟಿನಿಂದ ಮೂಲೆಗೆ ಇಳಿಯುತ್ತೆ, ಡಾಕ್ಟರಿಗೂ ಗೊತ್ತು, ಬೈಯಲಿಲ್ಲ.

ಈಗ ಹೊಸ ತಕರಾರು. ಮಾವನಿಗೆ ವಯಸ್ಸಾಯಿತು, ಕೋವಿಯನ್ನು ನನ್ನ ಹೆಸರಿಗೆ ಮಾಡಿಸೋಣ ಅಂತ ಇವರದು ಹಟ, ನನಗೆ ಧೈರ್ಯ ಬರುತ್ತಂತೆ. ಅರ್ಜಿಯ ಜೊತೆ ದೇಹ, ಮನಸ್ಸು ಎರಡೂ ಸರಿ ಇವೆ ಅಂತ ಡಾಕ್ಟರ ಪ್ರಮಾಣಪತ್ರ ಕೊಡಬೇಕು. ಸರಿ, ಮಂಗಳವಾರ ನೀವೇ ಬಂದು ಕೇಳಿ ಅಂದಿದ್ದೇನೆ. ಹೋದ ಮಂಗಳವಾರ ತೋಟಕ್ಕೆ ಔಷಧಿ ಹೊಡೆಯೋದಿತ್ತಂತೆ, ಈ ಮಂಗಳವಾರ ಸೊಸೈಟಿಯಲ್ಲಿ ಮೀಟಿಂಗ್ ಅಂತೆ.