ಮುಟ್ಟಿನ ಹೊಟ್ಟೆನೋವಿಗೆ ಯಾವ ಕಷಾಯ ಕೊಡಬೇಕು?

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ತಾಯಂದಿರು ನಮ್ಮನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ: "ಮಗಳಿಗೆ ಮುಟ್ಟಾದರೆ ಎರಡು ದಿನ ಏಳಲಾಗದಂಥ ಹೊಟ್ಟೆನೋವು. ಮಾತ್ರೆ ಕೊಡಲು ಹೆದರಿಕೆ. ಯಾವ ಕಷಾಯ ಒಳ್ಳೆಯದು?"

ಒಂದನ್ನೇ ಹೇಳಿ ಎಂದರೆ ಒಣಶುಂಠಿ ಎನ್ನುತ್ತೇವೆ. ಆದರೆ ಯಾವುದನ್ನು ಕೊಡುತ್ತೀರಿ ಎನ್ನುವುದಕ್ಕಿಂತ ಯಾವಾಗ ಶುರು ಮಾಡುತ್ತೀರಿ ಎನ್ನುವುದು ಮುಖ್ಯ. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಅದರಿಂದ ಗರ್ಭಕೋಶದ ಸ್ನಾಯು ಹಿಂಡಿಕೊಳ್ಳುತ್ತದೆ, ಅಲ್ಲಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ನೋವು ಬರುತ್ತದೆ. ಅದೇ ವಸ್ತು ಕರುಳನ್ನೂ ಕೆರಳಿಸುವುದರಿಂದ ಕೆಲವರಿಗೆ ಭೇದಿ, ವಾಂತಿ. ಶುಂಠಿಯ ಅಂಶಗಳು ಈ ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಗ್ಗಿಸುತ್ತವೆ. ಅದು ತಯಾರಾಗಿ, ಹುಡುಗಿ ಮುದುರಿ ಮಲಗಿದ ಮೇಲೆ ಕಷಾಯ ಕುದಿಸಲು ಹೊರಟರೆ ತಡವಾಯಿತು. "ಶುಂಠಿ ಕೊಟ್ಟು ನೋಡಿದೆವು, ಏನೂ ಆಗಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಕೊಟ್ಟದ್ದು ಆ ಹೊತ್ತಿಗೆ. ಸೊಂಟ ಭಾರ, ಕಿಬ್ಬೊಟ್ಟೆ ಬಿಗಿತ ಕಂಡ ಕೂಡಲೇ ಶುರು ಮಾಡಿ. ತಿಂಗಳ ಲೆಕ್ಕ ಸರಿಯಾಗಿದ್ದವರು ಒಂದು ದಿನ ಮೊದಲೇ ಆರಂಭಿಸಬಹುದು.

ಅಳತೆ ಹೀಗೆ: ನುಣ್ಣಗೆ ಪುಡಿ ಮಾಡಿದ ಒಣಶುಂಠಿ, ಅಂದರೆ ಇಲ್ಲಿನ ಅಂಗಡಿಗಳಲ್ಲಿ ಚುಕ್ಕು ಎಂದು ಕೇಳಿದರೆ ಕೊಡುವಂಥದ್ದು, ಕಾಲು ಟೀ ಚಮಚ. ಗೋಪುರ ಮಾಡದೆ ಮಟ್ಟಸವಾಗಿ ತೆಗೆಯಿರಿ; ಸುಮಾರು ಅರ್ಧ ಗ್ರಾಂ ಆಗುತ್ತದೆ. ಒಂದೂವರೆ ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಸಿ, ಸ್ವಲ್ಪ ಬೆಲ್ಲ ಸೇರಿಸಿ. ದಿನಕ್ಕೆ ಮೂರು ಸಲ, ಊಟ ತಿಂಡಿಯ ನಂತರ, ಮೂರು ದಿನ. ಶುಂಠಿಯ ಮೇಲೆ ನಡೆದ ಅಧ್ಯಯನಗಳಲ್ಲಿ ಕೊಟ್ಟದ್ದು ದಿನಕ್ಕೆ ಮುಕ್ಕಾಲು ಗ್ರಾಂನಿಂದ ಎರಡು ಗ್ರಾಂವರೆಗೆ. ಖಾರ ಹೆಚ್ಚಿದಷ್ಟೂ ಗುಣ ಹೆಚ್ಚು ಎಂದು ಇದನ್ನು ದಾಟಿಸಿದರೆ ಎದೆಯುರಿ ಗ್ಯಾರಂಟಿ, ಹಸಿದ ಹೊಟ್ಟೆಯಲ್ಲಂತೂ ವಾಂತಿಯೇ ಆದೀತು. ರಕ್ತ ತೆಳುವಾಗಿಸುವ ಮದ್ದು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಶುಂಠಿ ಆಗದವರಿಗೆ ಮೆಂತೆ ಇದೆ. ಹುರಿದು, ಕೆಂಪಗಾಗುವ ಮೊದಲೇ ಬಾಣಲೆಯಿಂದ ಇಳಿಸಿ ಪುಡಿ ಮಾಡಿ, ಕಾಲು ಚಮಚ ದಿನಕ್ಕೆ ಮೂರು ಸಲ ಬಿಸಿನೀರಿನಲ್ಲಿ. ಕರಟಿದರೆ ಕಹಿ ತಡೆಯಲಾಗದು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಇನ್ನೂ ಇಳಿದುಬಿಡಬಹುದು, ಎಚ್ಚರ. ಬಡೆಸೋಂಪು, ಓಮ ಇವುಗಳ ಗುಣ ಇರುವುದು ಆವಿಯಾಗಿ ಹೋಗುವ ಎಣ್ಣೆಯಲ್ಲಿ. ಆದ್ದರಿಂದ ಕೊತಕೊತ ಕುದಿಸಬೇಡಿ. ಜಜ್ಜಿ, ಮೇಲೆ ಕುದಿನೀರು ಸುರಿದು, ಹತ್ತು ನಿಮಿಷ ಮುಚ್ಚಿಡಿ.

ಕಷಾಯಕ್ಕಿಂತ ಬೇಗ ಕೆಲಸ ಮಾಡುವುದು ಶಾಖ. ನಮ್ಮ ಕಡೆಯ ಬಚ್ಚಲಿನ ಹಂಡೆಯಲ್ಲಿ ಬಿಸಿನೀರಿಗೆ ಬರವಿಲ್ಲ. ಆದರೂ ಇದನ್ನು ಮರೆತು ಬೇರು-ತೊಗಟೆ ಹುಡುಕುವವರೇ ಹೆಚ್ಚು ಎನ್ನುವುದು ನಮಗೆ ಬೇಸರದ ಸಂಗತಿ. ರಬ್ಬರಿನ ಚೀಲಕ್ಕೆ ಮೂರರಲ್ಲಿ ಎರಡು ಪಾಲು ನೀರು ತುಂಬಿ, ಒತ್ತಿ ಗಾಳಿ ಹೊರಹಾಕಿ, ಬಿರಡೆ ತಿರುಗಿಸಿ. ಕುದಿಯುವ ನೀರು ಹಾಕಿದರೆ ಅಂಚಿನ ಬೆಸುಗೆಯಲ್ಲಿ ಬಿರಿದು ಮೈ ಸುಡಬಹುದು. ಬೈರಾಸು (ಟವೆಲ್) ಸುತ್ತಿ ಕಿಬ್ಬೊಟ್ಟೆಯ ಮೇಲೆ ಇಪ್ಪತ್ತು ನಿಮಿಷ, ನಂತರ ಸೊಂಟಕ್ಕೆ ಅಷ್ಟೇ ಹೊತ್ತು. ಚೀಲವಿಲ್ಲದಿದ್ದರೆ ಸ್ಟೀಲ್ ಬಾಟಲಿ ಆಗುತ್ತದೆ. ನೀರು ಕೊಂಡ ಪ್ಲಾಸ್ಟಿಕ್ ಬಾಟಲಿ ಬಿಸಿಗೆ ಮೆತ್ತಗಾಗಿ ಸೋರುತ್ತದೆ. ಕಲ್ಲುಪ್ಪು ಹುರಿದು ಕಟ್ಟುವವರು ದಪ್ಪ ಹತ್ತಿಬಟ್ಟೆಯನ್ನೇ ಬಳಸಿ, ನೈಲಾನ್ ಕರಗಿ ಅಂಟುತ್ತದೆ. ಚರ್ಮ ಸುಡದಷ್ಟು ಬಿಸಿಯನ್ನೂ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹೆಚ್ಚು ಹೊತ್ತು ಇಟ್ಟರೆ ಚರ್ಮದ ಮೇಲೆ ಬಲೆಯಂಥ ಕಂದು ಗುರುತು ಉಳಿಯಬಹುದು. ಮುಟ್ಟಾದವರನ್ನು ಹೊರಗೆ ಕೂರಿಸುವ ಮನೆಗಳಲ್ಲಿ ಆಕೆ ಒಲೆಯ ಹತ್ತಿರ ಬರುವಂತಿಲ್ಲ. ಅಂಥ ಮನೆಯವರು ಬಿಸಿನೀರು, ಬೆಚ್ಚಗಿನ ಹೊದಿಕೆ, ಹೊತ್ತಿಗೆ ಸರಿಯಾಗಿ ಊಟ ತಾವೇ ತಂದುಕೊಡಬೇಕು. ತಣ್ಣನೆ ನೆಲದಲ್ಲಿ ಚಾಪೆ ಹಾಸಿ ಮಲಗಿಸಿ, ಮನೆಮದ್ದು ಹಿಡಿಯಲಿಲ್ಲ ಎಂದರೆ ಅದು ಮದ್ದಿನ ತಪ್ಪಲ್ಲ.

ಅಶೋಕದ ತೊಗಟೆಯ ಬಗ್ಗೆಯೂ ಕೇಳುತ್ತಾರೆ. ಆಯುರ್ವೇದ ಅದನ್ನು ಮುಖ್ಯವಾಗಿ ಹೇಳಿರುವುದು ಅತಿಸ್ರಾವಕ್ಕೆ. ಶಾಲೆ, ಕಚೇರಿಗಳ ಕಾಂಪೌಂಡಿನಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಮರ ಮದ್ದಿನ ಅಶೋಕವೇ ಅಲ್ಲ. ಮದ್ದಿನದು ಕಿತ್ತಳೆ-ಕೆಂಪು ಹೂಗೊಂಚಲು ಬಿಡುವ, ಕಾಡಿನಲ್ಲಿ ಅಪರೂಪವಾಗುತ್ತಿರುವ ಮರ. ಮಾರುಕಟ್ಟೆಯ ತೊಗಟೆಯಲ್ಲಿ ಕಲಬೆರಕೆ ಸಾಮಾನ್ಯ. ನೀವಾಗಿ ಕೆತ್ತಿ ಕುದಿಸಬೇಡಿ, ಬೇಕಿದ್ದರೆ ಆಯುರ್ವೇದ ವೈದ್ಯರು ಬರೆದುಕೊಡಲಿ. ಲೋಳೆಸರದ ಎಲೆ ಕೊಯ್ದಾಗ ಒಸರುವ ಹಳದಿ ರಸವನ್ನೂ ಕುಡಿಸಬೇಡಿ. ಅದು ಭೇದಿ ಬರಿಸಿ ಹೊಟ್ಟೆನುಲಿತ ಹೆಚ್ಚಿಸುತ್ತದೆ.

ಇನ್ನು ಮಾತ್ರೆಯ ಹೆದರಿಕೆ. ಮುಟ್ಟಿನ ಎರಡು ದಿನ ಐಬುಪ್ರೊಫೇನ್ ಅಥವಾ ಮೆಫೆನಾಮಿಕ್ ಆಸಿಡ್ ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎನ್ನುವುದು ಸುಳ್ಳು. ಹೊಟ್ಟೆಹುಣ್ಣು, ಅಸ್ತಮಾ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರ ಮಾತಿಲ್ಲದೆ ಮುಟ್ಟಬಾರದು. ಉಳಿದವರೂ ಊಟದ ನಂತರವೇ, ವೈದ್ಯರು ಹೇಳಿದ ಪ್ರಮಾಣದಲ್ಲಿ. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಗಂಭೀರ ಅಲರ್ಜಿ ಆಗಬಹುದೆಂದು ಭಾರತೀಯ ಔಷಧ ಸಂಹಿತೆ ಆಯೋಗ 2023ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಜ್ವರ, ಮೈಮೇಲೆ ದದ್ದು ಕಂಡರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಮಾಮೂಲಿ ಮುಟ್ಟಿನ ನೋವು ಎರಡು ಮೂರು ದಿನದಲ್ಲಿ ತಾನೇ ಇಳಿಯುತ್ತದೆ. ವರ್ಷದಿಂದ ವರ್ಷಕ್ಕೆ ಹೆಚ್ಚುವ ನೋವು, ಮುಟ್ಟು ನಿಂತ ಮೇಲೂ ಉಳಿಯುವ ನೋವು, ಕೂಡಿದಾಗ ಅಥವಾ ಮಲವಿಸರ್ಜನೆಯಲ್ಲಿ ಬರುವ ನೋವು, ಗಂಟೆಗೊಂದು ಪ್ಯಾಡ್ ತೋಯುವ ಸ್ರಾವ, ಇವಕ್ಕೆ ಕಷಾಯ ಬದಲಿಸುತ್ತ ಕೂರಬೇಡಿ. ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಅಥವಾ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇದ್ದೀತು. ಎಂಡೊಮೆಟ್ರಿಯೋಸಿಸ್ ಸಾಮಾನ್ಯ ಸ್ಕ್ಯಾನಿನಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ "ಸ್ಕ್ಯಾನ್ ಸರಿ ಇದೆ" ಎಂದ ಮಾತ್ರಕ್ಕೆ ಹುಡುಗಿ ನಟಿಸುತ್ತಿದ್ದಾಳೆ ಎಂದುಕೊಳ್ಳಬೇಡಿ. ನೋವಿನ ದಿನಾಂಕ, ಎಷ್ಟು ದಿನ, ಯಾವ ಜಾಗ ಎಂದು ಮೂರು ತಿಂಗಳು ಬರೆದಿಟ್ಟು ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮುಟ್ಟು ತಡವಾಗಿ, ಗರ್ಭದ ಸಾಧ್ಯತೆ ಇದ್ದರೆ ಈ ಯಾವ ಕಷಾಯವೂ ಬೇಡ. ತಡವಾದ ಮುಟ್ಟಿನ ಜೊತೆ ಒಂದೇ ಬದಿಯಲ್ಲಿ ಚುಚ್ಚುವ ನೋವು, ತಲೆಸುತ್ತು ಬಂದರೆ ಗರ್ಭನಾಳದಲ್ಲಿ ಗರ್ಭ ನಿಂತಿರಬಹುದು. ರಾತ್ರಿಯಾಗಿದ್ದರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.