ಆಳದ ಕೋಲು

ಅಮೆರಿಕದ ಮಿಷಿಗನ್ ಸರೋವರದಲ್ಲಿ ಸಾಲ್ಮನ್ ಮೀನು ಹಿಡಿಯುವವರು ಒಬ್ಬರನ್ನೊಬ್ಬರು ‘ಎಲ್ಲಿ ಸಿಕ್ಕಿತು?’ ಅಂತ ಕೇಳುವುದು ಕಡಿಮೆ. ಕೇಳುವುದೇನಿದ್ದರೂ ‘ಎಷ್ಟು ಆಳ?’ ಅಂತಲೇ. ಉತ್ತರದಲ್ಲಿ ಎರಡು ಸಂಖ್ಯೆ ಇರುತ್ತವೆ: ‘180ರ ಮೇಲೆ, 60 ಕೆಳಗೆ.’ ಅಂದರೆ ತಳ 180 ಅಡಿಯಲ್ಲಿರುವ ಜಾಗ, ಗಾಳ ಇಳಿಸಿದ್ದು 60 ಅಡಿಗೆ. ದಡದಿಂದ ಎಷ್ಟು ದೂರ, ಯಾವ ದಿಕ್ಕು ಅನ್ನುವುದೆಲ್ಲ ಆಮೇಲಿನ ಮಾತು. ಮೀನು ಹಿಡಿಯುವುದೆಂದರೆ ಒಳ್ಳೆಯ ಜಾಗ ಹುಡುಕಿ ತಾಳ್ಮೆಯಿಂದ ಕೂರುವುದು ಅಂತ ನಂಬಿಕೊಂಡಿದ್ದವನಿಗೆ ಇದು ವಿಚಿತ್ರ ಲೆಕ್ಕ. ಅದು ಅರ್ಥವಾದದ್ದು ಆಗಸ್ಟ್ ತಿಂಗಳ ಒಂದು ಬೆಳಗ್ಗೆ, ವಿಸ್ಕಾನ್ಸಿನ್‌ನ ಅಲ್ಗೋಮಾ ಬಂದರಿನಿಂದ ಚಾರ್ಟರ್ ಬೋಟಿನಲ್ಲಿ, ಅಂದರೆ ಬಾಡಿಗೆಯ ಬೋಟಿನಲ್ಲಿ, ಹೋದಾಗ.

ಅಲ್ಗೋಮಾ ಸರೋವರದ ಪಶ್ಚಿಮ ದಡದ ಸಣ್ಣ ಊರು. ಬಂದರಿನ ಕಟ್ಟೆಯ ತುದಿಗೆ ಕೆಂಪು ದೀಪಸ್ತಂಭ. ಅದನ್ನು ದಾಟಿದರೆ ತಳ ಬೇಗನೆ ಇಳಿಯುತ್ತ ಹೋಗುತ್ತದೆ, ಆಳದ ನೀರಿಗಾಗಿ ಗಂಟೆಗಟ್ಟಲೆ ಬೋಟು ಓಡಿಸಬೇಕಿಲ್ಲ. ಜುಲೈ, ಆಗಸ್ಟ್ ಬಂತೆಂದರೆ ಚಿನೂಕ್ ಸಾಲ್ಮನ್‌ಗಾಗಿ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಇಲ್ಲಿನವರ ಬಾಯಲ್ಲಿ ಅದು ಬರೀ ‘ಕಿಂಗ್’. ನಾವು ನಾಲ್ವರು ಗೆಳೆಯರು. ಮೀನು ಹಿಡಿಯುವ ಪರವಾನಗಿ, ಅದರ ಮೇಲೆ ಸಾಲ್ಮನ್–ಟ್ರೌಟ್ ಸ್ಟ್ಯಾಂಪು, ಎಲ್ಲವನ್ನೂ ಹಿಂದಿನ ರಾತ್ರಿಯೇ ಫೋನಿನಲ್ಲಿ ತೆಗೆದುಕೊಂಡಿದ್ದೆವು. ಬೋಟಿನಲ್ಲಿ ಕ್ಯಾಪ್ಟನ್ ಮತ್ತು ಮೇಟ್ ಕೆಲಸಕ್ಕೆ, ಅಂದರೆ ಅವರ ಸಹಾಯಕ್ಕೆ, ಒಬ್ಬ ಕಾಲೇಜು ಹುಡುಗಿ. ಕ್ಯಾಪ್ಟನ್‌ಗೆ ಅರವತ್ತು ದಾಟಿತ್ತು. ಮಾತು ಕಡಿಮೆ, ಗೊಣಗಾಟ ಜಾಸ್ತಿ.

ಇನ್ನೂ ಕತ್ತಲಿರುವಾಗಲೇ ಹಗ್ಗ ಬಿಚ್ಚಿದೆವು. ನಸುಕಿನ ಮಬ್ಬು ಬೆಳಕಿನಲ್ಲಿ ಕಿಂಗ್‌ಗೆ ಹಸಿವು ಜಾಸ್ತಿ, ಬಿಸಿಲು ಏರಿದಂತೆ ಅದು ಹುಷಾರಾಗುತ್ತದೆ. ಗೊಣಗಾಟ ಅಲ್ಲಿಂದಲೇ ಶುರು.

‘ಎರಡು ದಿನದಿಂದ ನೈಋತ್ಯದ ಗಾಳಿ. ಮೊನ್ನೆ ತನಕ ಮೀನು ತೊಂಬತ್ತು ಅಡಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಇವತ್ತು ಎಲ್ಲಿವೆಯೋ ದೇವರಿಗೇ ಗೊತ್ತು’ ಅಂದರು.

ಮೇಲೆ ಬೀಸುವ ಗಾಳಿಗೂ ತೊಂಬತ್ತು ಅಡಿ ಕೆಳಗಿನ ಮೀನಿಗೂ ಏನು ಸಂಬಂಧ ಅನ್ನಿಸುವುದು ಸಹಜ. ಈ ಸರೋವರ ಚಿಕ್ಕದಲ್ಲ. ತೀರಾ ಆಳದ ಕಡೆ 281 ಮೀಟರ್ ಇದೆ. ಬೇಸಿಗೆಯಲ್ಲಿ ಇದರ ನೀರು ಪದರ ಪದರವಾಗುತ್ತದೆ. ಮೇಲೆ ಬಿಸಿಲಿಗೆ ಕಾದ ನೀರು, ತಳದಲ್ಲಿ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು, ಇವೆರಡರ ನಡುವೆ ಕೆಲವೇ ಅಡಿಗಳಲ್ಲಿ ಬಿಸಿ ಸರ್ರನೆ ಇಳಿಯುವ ಒಂದು ಪಟ್ಟಿ. ಅದೇ ಥರ್ಮೋಕ್ಲೈನ್. ಕಿಂಗ್ ತಣ್ಣೀರಿನ ಮೀನು. 10ರಿಂದ 13 ಡಿಗ್ರಿ ಇರುವ ಕಡೆ ಅದಕ್ಕೆ ಹಿತ. ಅದರ ಮುಖ್ಯ ಆಹಾರವಾದ ಏಲ್‌ವೈಫ್ ಎಂಬ ಸಣ್ಣ ಬೆಳ್ಳಿ ಮೀನು ಅದಕ್ಕಿಂತ ತುಸು ಬೆಚ್ಚಗಿನ ನೀರಿನದು. ತಿನ್ನುವುದೂ ತಿನ್ನಿಸಿಕೊಳ್ಳುವುದೂ ಎದುರುಬದುರಾಗುವುದು ಈ ಪಟ್ಟಿಯ ಅಕ್ಕಪಕ್ಕದಲ್ಲೇ. ಆದರೆ ಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲ. ದಕ್ಷಿಣ ಅಥವಾ ನೈಋತ್ಯದಿಂದ ಗಾಳಿ ಬೀಸುತ್ತಲೇ ಇದ್ದರೆ, ಭೂಮಿ ತಿರುಗುವ ಕಾರಣ ಮೇಲಿನ ನೀರು ಗಾಳಿ ಹೋಗುವ ದಿಕ್ಕಿನ ಬಲಕ್ಕೆ, ಅಂದರೆ ಈ ದಡ ಬಿಟ್ಟು ನಡುಸರೋವರದ ಕಡೆಗೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನ ತಣ್ಣೀರು ಎದ್ದು ಬರುತ್ತದೆ. ಹಿಂದಿನ ಸಂಜೆ ದಡದಲ್ಲಿ ಮೊಣಕಾಲು ಮುಳುಗುವಷ್ಟು ಇಳಿದ ನಾನು ಒಂದೇ ನಿಮಿಷಕ್ಕೆ ಓಡಿ ಬಂದಿದ್ದೆ. ಹೊರಗೆ ಆಗಸ್ಟ್‌ನ ಸೆಕೆ, ನೀರು ಕಾಲು ಕೊರೆಯುವಷ್ಟು ತಣ್ಣಗೆ. ಆಗ ಸುಮ್ಮನೆ ಬೈದುಕೊಂಡಿದ್ದೆ. ಕ್ಯಾಪ್ಟನ್‌ಗೆ ಅದೇ ದೊಡ್ಡ ಸಮಾಚಾರ.

ಬೋಟು ನಡಿಗೆಯ ವೇಗಕ್ಕೆ ಇಳಿಯುತ್ತಿದ್ದಂತೆ ಹುಡುಗಿ ಕೆಲಸಕ್ಕೆ ನಿಂತಳು. ಅವಳ ಕೈ ನೋಡುವುದೇ ಒಂದು ಸೊಗಸು. ಡೌನ್‌ರಿಗ್ಗರ್ ಅಂದರೆ ಬೋಟಿನ ಹಿಂಬದಿಗೆ ಬಿಗಿದ ಗಿರಕಿ. ಅದರ ಉಕ್ಕಿನ ತಂತಿಯ ತುದಿಗೆ ಹತ್ತು ಹನ್ನೆರಡು ಪೌಂಡಿನ ಸೀಸದ ಗುಂಡು. ಗಾಳದ ದಾರವನ್ನು ಗುಂಡಿನ ಹತ್ತಿರದ ಕ್ಲಿಪ್ಪಿಗೆ ಕಚ್ಚಿಸಿ ಗುಂಡನ್ನು ಇಳಿಸುತ್ತಾರೆ. ಗಿರಕಿಯ ಮೇಲಿನ ಮೀಟರು ಅಡಿಗಳನ್ನು ಎಣಿಸುತ್ತ ಹೋಗುತ್ತದೆ. ಬೇಕಾದ ಆಳ ಬಂದ ಮೇಲೆ ಕೋಲನ್ನು ಗೂಡಿಗೆ ಸಿಕ್ಕಿಸಿ, ತುದಿ ನೀರಿನತ್ತ ಪೂರ್ತಿ ಬಾಗುವಷ್ಟು ದಾರ ಬಿಗಿಯುತ್ತಾರೆ. ಮೀನು ಎಳೆದರೆ ಕ್ಲಿಪ್ಪು ಬಿಡುತ್ತದೆ, ಬಾಗಿದ ಕೋಲು ಚಂಗನೆ ನೆಟ್ಟಗಾಗುತ್ತದೆ. ಅಲ್ಲಿಂದ ಮುಂದೆ ಮೀನಿಗೂ ಮನುಷ್ಯನಿಗೂ ನೇರ ವ್ಯವಹಾರ, ಸೀಸದ ಗುಂಡು ನಡುವೆ ಇರುವುದಿಲ್ಲ. ಇದಲ್ಲದೆ ದಾರವನ್ನು ಪಕ್ಕಕ್ಕೂ ಕೆಳಕ್ಕೂ ಎಳೆದೊಯ್ಯುವ ಬಿಲ್ಲೆಯಂಥ ಡೈವರ್‌ಗಳು, ಸೀಸ ತುಂಬಿದ ದಾರಗಳು. ಒಬ್ಬರಿಗೆ ಮೂರು ಗಾಳ ಅನ್ನುವುದು ವಿಸ್ಕಾನ್ಸಿನ್‌ನ ನಿಯಮ. ಹನ್ನೆರಡು ದಾರಗಳನ್ನು ಕತ್ತಲಲ್ಲಿ ಒಂದಕ್ಕೊಂದು ಸುತ್ತಿಕೊಳ್ಳದಂತೆ ನೀರಿಗೆ ಬಿಟ್ಟಳು ಆ ಹುಡುಗಿ. ಸ್ಪೂನ್‌ಗಳನ್ನು, ಅಂದರೆ ಸಣ್ಣ ಮೀನಿನಂತೆ ಕಾಣುವ ಲೋಹದ ಹುಸಿ ಎರೆಗಳನ್ನು, ಬಿಡುವ ಮುಂಚೆ ಒಂದೊಂದನ್ನೂ ಟಾರ್ಚಿನ ಬೆಳಕಿಗೆ ಹಿಡಿಯುತ್ತಿದ್ದಳು. ಕತ್ತಲಲ್ಲಿ ಹಸಿರಾಗಿ ಹೊಳೆಯುವ ಬಣ್ಣ ಅವಕ್ಕೆ.

ಒಂದು ಗುಂಡಿನ ಜೊತೆ ಉಷ್ಣಾಂಶ ಅಳೆಯುವ ಯಂತ್ರವೂ ಇಳಿದಿತ್ತು. ಅಲ್ಲಿಂದ ಮೇಲಿನ ಪರದೆಗೆ ಅಂಕಿ ಬರುತ್ತಿತ್ತು. ಮೇಲೆ 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 13 ಸೆಲ್ಸಿಯಸ್. 40 ಅಡಿಗೆ 48. 110 ಅಡಿಗೆ 42. ತೊಂಬತ್ತು ಅಡಿಯಲ್ಲಿ ಇರಬೇಕಾದ ನೀರು ಹೆಚ್ಚುಕಡಿಮೆ ಮೇಲ್ಮೈಗೇ ಬಂದು ಕೂತಿತ್ತು. ಅದೇ ಯಂತ್ರ ಆಳದಲ್ಲಿ ಗಾಳ ಓಡುವ ವೇಗವನ್ನೂ ತೋರಿಸುತ್ತದೆ. ಬೋಟು ಗಂಟೆಗೆ 2.5 ಮೈಲಿ ಹೋಗುತ್ತಿದ್ದರೆ ಕೆಳಗೆ 1.9 ಮಾತ್ರ. ಕೆಳಗಿನ ಸೆಳೆತ ಬೇರೆಯದೇ ದಿಕ್ಕಿಗಿತ್ತು. ಸೋಮಾರಿ ಸ್ಪೂನ್‌ಗೆ ಕಿಂಗ್ ಬಾಯಿ ಹಾಕುವುದಿಲ್ಲ ಅನ್ನುತ್ತ ಕ್ಯಾಪ್ಟನ್ ಬೋಟನ್ನು ಉತ್ತರಕ್ಕೆ ತಿರುಗಿಸಿದರು. ಎಲ್ಲ ಕೋಲುಗಳನ್ನೂ 25ರಿಂದ 50 ಅಡಿಗೆ ಏರಿಸಲು ಹೇಳಿದರು. ಒಂದನ್ನು ಬಿಟ್ಟು. ನಡುವಿನ ಡೌನ್‌ರಿಗ್ಗರ್ 110ರಲ್ಲೇ ಇತ್ತು.

‘ಅದನ್ನೂ ಮೇಲೆ ತರಬಾರದಾ?’ ಅಂತ ನನ್ನ ಗೆಳೆಯ ಕೇಳಿದ.

‘ಅದು ಇರಲಿ. ವಯಸ್ಸಾದವು ಕೆಳಗೇ ಇರುತ್ತವೆ’ ಅಂದರು, ತಿರುಗಿಯೂ ನೋಡದೆ.

ಬೆಳಕು ಹರಿಯುವ ಹೊತ್ತಿಗೆ ಮೇಲಿನ ಕೋಲುಗಳು ಒಂದರ ಹಿಂದೊಂದು ಕುಣಿಯತೊಡಗಿದವು. ಮೂರ್ನಾಲ್ಕು ಪೌಂಡಿನ ಕೋಹೊಗಳು (ಸಾಲ್ಮನ್‌ನ ಇನ್ನೊಂದು ಜಾತಿ), ಎರಡು ಎಳೆಯ ಕಿಂಗ್‌ಗಳು. ಎರಡೂ ಜಾತಿಯನ್ನು ಗುರುತಿಸುವುದು ಬಾಯಿ ತೆರೆದು. ಕಿಂಗ್‌ನ ಬಾಯಿ, ಒಸಡು ಎಲ್ಲ ಕಪ್ಪು. ಕೋಹೊಗೆ ಹಲ್ಲಿನ ಬುಡದಲ್ಲಿ ಒಸಡು ಬಿಳಿ. ಸರದಿ ಪ್ರಕಾರ ಗೆಳೆಯರು ರೀಲು ಸುತ್ತಿದರು, ನಕ್ಕರು, ಫೋಟೊ ತೆಗೆಸಿಕೊಂಡರು. ನಿಜ ಹೇಳಬೇಕೆಂದರೆ ಚಾರ್ಟರ್ ಬೋಟಿನಲ್ಲಿ ಮೀನು ಹಿಡಿಯುವವರು ನಾವಲ್ಲ. ಆಳ ಹುಡುಕುವವರು ಅವರು, ಗಾಳ ಬಿಡುವವಳು ಅವಳು. ಕೊನೆಯ ಹತ್ತು ನಿಮಿಷದ ಕೂಲಿ ಕೆಲಸ ನಮ್ಮದು, ಅದಕ್ಕೆ ದುಡ್ಡನ್ನೂ ನಾವೇ ಕೊಡುತ್ತೇವೆ. ಹಾಗಂತ ಕೋಲು ಕೈಗೆ ಬಂದಾಗ ಈ ತತ್ವಜ್ಞಾನ ಯಾರಿಗೂ ನೆನಪಿರುವುದಿಲ್ಲ.

ಸೂರ್ಯ ಮೇಲೆ ಬಂದ, ಮೀನು ನಿಂತವು. ಸ್ವಲ್ಪ ಹೊತ್ತು ಏನೂ ಇಲ್ಲ. ತಂತಿಗಳು ನೀರು ಸೀಳುತ್ತ ಗುಂಯ್‌ಗುಡುವ ಸದ್ದು ಅಷ್ಟೇ. ಆಗ ನಡುವಿನ ಕೋಲಿನ ತುದಿ ಎರಡು ಸಲ ತಲೆಯಾಡಿಸಿ, ಎದ್ದು ನಿಂತು, ನಾನು ಏನು ಅನ್ನುವಷ್ಟರಲ್ಲಿ ಹಿಡಿಯ ತನಕ ಬಗ್ಗಿತು. ಹುಡುಗಿ ಅದನ್ನು ಗೂಡಿನಿಂದ ಕಿತ್ತು ನನ್ನ ಹೊಟ್ಟೆಗೆ ಒತ್ತಿದಳು. ಸರದಿ ನನ್ನದಾಗಿತ್ತು.

ರೀಲಿನ ಮೇಲೆ ದಾರ ಎಷ್ಟು ಹೋಗಿದೆ ಅನ್ನುವುದನ್ನು ತೋರಿಸುವ ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಅದರಲ್ಲಿ 150 ಇದ್ದದ್ದು 200, 280, 350 ಆಗುತ್ತ ಓಡಿತು. ರೀಲಿನ ಕಿರುಚಾಟ ಒಂದೇ ಸಮನೆ. ಸುತ್ತಲು ಹೋದರೆ ಹಿಡಿ ತಿರುಗುತ್ತದೆ, ದಾರ ಮಾತ್ರ ಹೊರಕ್ಕೇ ಹೋಗುತ್ತದೆ. ‘ಸುತ್ತಬೇಡಿ, ಅದು ಓಡುವಾಗ ಓಡಲಿ. ಡ್ರ್ಯಾಗ್ ಮುಟ್ಟಬೇಡಿ’ ಅಂದಳು. ಡ್ರ್ಯಾಗ್ ಅಂದರೆ ದಾರ ಎಷ್ಟು ಬಿಗಿಯಾಗಿ ಹೊರಹೋಗಬೇಕು ಅನ್ನುವುದನ್ನು ನಿಯಂತ್ರಿಸುವ ರೀಲಿನ ಬ್ರೇಕು. ಅಂಕಿ 420ರಲ್ಲಿ ನಿಂತಿತು. ಅಲ್ಲಿಂದ ಕೋಲನ್ನು ನಿಧಾನಕ್ಕೆ ಎತ್ತುವುದು, ಇಳಿಸುತ್ತ ಸುತ್ತುವುದು, ಮತ್ತೆ ಎತ್ತುವುದು. ಬೋಟು ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಉಳಿದ ದಾರಗಳೆಲ್ಲ ಜೋತುಬಿದ್ದು ಸಿಕ್ಕುಗಟ್ಟುತ್ತವೆ. ಹಾಗಾಗಿ ಮೀನಿನ ಎಳೆತದ ಜೊತೆ ಬೋಟಿನ ಎಳೆತವನ್ನೂ ತೋಳು ಹೊರಬೇಕು. ನೂರು ಅಡಿ ಗಳಿಸಿದರೆ ಅದು ಎಂಬತ್ತು ವಾಪಸು ಕಿತ್ತುಕೊಳ್ಳುತ್ತಿತ್ತು. ಎಡ ಮುಂಗೈ ಸೆಟೆದುಕೊಂಡು ಬೆರಳು ಮರಗಟ್ಟಿದವು.

‘ಲೇ, ಬಿಟ್ಟುಬಿಟ್ಟೀಯಾ, ನನಗಾದ್ರೂ ಕೊಡೋ’ ಅಂತ ಗೆಳೆಯ ಹಿಂದಿನಿಂದ.

‘ಸುಮ್ನಿರೋ ಮಾರಾಯ.’

ಬೋಟಿನ ಹಿಂದೆ ಮೂವತ್ತು ಅಡಿಯಲ್ಲಿ ಅದು ಮೊದಲು ಕಂಡಿತು. ಪಕ್ಕಕ್ಕೆ ಹೊರಳಿದಾಗ ನೀರೊಳಗೆ ಅಗಲವಾದ ಬಿಳುಪು, ಹೊರಳಿ ಕೆಳಗೆ ಹೋದಾಗ ಏನೂ ಇಲ್ಲ. ಹೀಗೆ ಮೂರು ನಾಲ್ಕು ಸಲ ಆಟವಾಡಿಸಿತು. ಬಲೆ ಹಿಡಿದವರ ಕಷ್ಟವೇ ಬೇರೆ. ಬಾಲದ ಕಡೆಯಿಂದ ಬಲೆ ಹಾಕಿದರೆ ಒಂದೇ ಒದೆತಕ್ಕೆ ಮೀನು ಮುಂದಕ್ಕೆ ಚಿಮ್ಮುತ್ತದೆ, ತಲೆಯೇ ಮೊದಲು ಒಳಗೆ ಬರಬೇಕು. ‘ಹಿಂದಕ್ಕೆ ನಡೀರಿ’ ಅಂದಳು. ನಾನು ಕೋಲು ಎತ್ತಿಕೊಂಡು ಹಿಮ್ಮೆಟ್ಟಿದೆ, ಅವಳು ಬಗ್ಗಿ ಒಂದೇ ಸಲಕ್ಕೆ ಬಾಚಿದಳು. ಅದು ಬೋಟಿನ ನೆಲಕ್ಕೆ ಬಿದ್ದಾಗ ಕಾಲಡಿಯ ಹಲಗೆ ಅದುರಿತು. ತಕ್ಕಡಿಯಲ್ಲಿ 26 ಪೌಂಡ್, ಹನ್ನೆರಡು ಕೆಜಿಗೆ ಸ್ವಲ್ಪ ಕಡಿಮೆ. ಆಚೆ ದಡದ ಮಿಷಿಗನ್ ರಾಜ್ಯದ ಕಡೆ 2021ರಲ್ಲಿ ಲಡಿಂಗ್ಟನ್ ಬಳಿ ಸಿಕ್ಕ ದಾಖಲೆಯ ಕಿಂಗ್ 47.86 ಪೌಂಡ್ ಇತ್ತು. ಅದರ ಮುಂದೆ ನನ್ನದು ಮರಿ. ಆದರೂ ಕ್ಯಾಪ್ಟನ್ ಸ್ಟಿಯರಿಂಗ್ ಬಿಟ್ಟು ಎದ್ದು ಬಂದು ನೋಡಿದರು.

ಹತ್ತಿರದಿಂದ ಅದರ ಬೆನ್ನು ಕಪ್ಪಲ್ಲ, ಹಸಿರಿನ ಮೇಲೆ ನಸುನೇರಳೆ ಸವರಿದಂತೆ. ಬಾಲದ ಎರಡೂ ಸೀಳಿನ ತುಂಬ ಚುಕ್ಕೆ. ಪಕ್ಕೆಯಲ್ಲಿ, ಎದೆಯ ಈಜುರೆಕ್ಕೆಯ ಹಿಂದೆ, ನಾಣ್ಯದಗಲದ ದುಂಡನೆಯ ಗಾಯ ಮಾಗಿದ ಗುರುತು ಇತ್ತು. ಕ್ಯಾಪ್ಟನ್ ಅದರ ಮೇಲೆ ಬೆರಳಿಟ್ಟು ‘ಲ್ಯಾಂಪ್ರೇ’ ಅಂದರು.

ಈ ಗುರುತಿನಲ್ಲೇ ಸರೋವರದ ಕಥೆ ಇದೆ. ಲ್ಯಾಂಪ್ರೇ ಅಟ್ಲಾಂಟಿಕ್ ಸಮುದ್ರದ ಜೀವಿ. ಹಾವಿನಂಥ ಮೈ, ದವಡೆ ಇಲ್ಲದ ದುಂಡು ಬಾಯಿ, ಮೀನಿಗೆ ಅಂಟಿಕೊಂಡು ರಕ್ತ ಹೀರುತ್ತದೆ. ನಯಾಗರ ಜಲಪಾತ ಅದಕ್ಕೆ ಅಡ್ಡಗಟ್ಟೆಯಾಗಿತ್ತು. ಹಡಗಿಗಾಗಿ ತೋಡಿದ ವೆಲ್ಲಂಡ್ ಕಾಲುವೆ ದಾರಿ ಬಿಟ್ಟುಕೊಟ್ಟಿತು. 1936ರಲ್ಲಿ ಇದು ಮಿಷಿಗನ್ ಸರೋವರದಲ್ಲಿ ಕಂಡಿತು. ಅತಿಯಾದ ಮೀನುಗಾರಿಕೆಯ ಜೊತೆ ಇದೂ ಸೇರಿ ಇಲ್ಲಿನ ಲೇಕ್ ಟ್ರೌಟ್ ಸಂತತಿ 1950ರ ದಶಕದಲ್ಲಿ ನೆಲಕಚ್ಚಿತು. ತಿನ್ನುವ ದೊಡ್ಡ ಮೀನು ಇಲ್ಲವಾದಾಗ, ಸಮುದ್ರದ ಕಡೆಯಿಂದಲೇ ಬಂದಿದ್ದ ಏಲ್‌ವೈಫ್ ಮಿತಿಮೀರಿ ಬೆಳೆಯಿತು. 1967ರ ಬೇಸಿಗೆಯಲ್ಲಿ ಅವು ರಾಶಿ ರಾಶಿ ಸತ್ತು ದಡಕ್ಕೆ ಬಿದ್ದವು. ಚಿಕಾಗೋದ ಕಡೆ ಬುಲ್ಡೋಜರ್ ತಂದು ಎತ್ತಿಸಬೇಕಾಯಿತು. ಅಷ್ಟರಲ್ಲಾಗಲೇ ಮಿಷಿಗನ್ ರಾಜ್ಯದ ಮೀನುಗಾರಿಕೆ ಮುಖ್ಯಸ್ಥರಾಗಿದ್ದ ಹವರ್ಡ್ ಟ್ಯಾನರ್ ಪೆಸಿಫಿಕ್ ಕರಾವಳಿಯ ಸಾಲ್ಮನ್ ತರಿಸಿದ್ದರು: 1966ರಲ್ಲಿ ಕೋಹೊ, ಮರುವರ್ಷ ಚಿನೂಕ್. ನಾನು ಹಿಡಿದದ್ದು ಆ ಸಂತತಿಯದೇ. ಉಪ್ಪುನೀರನ್ನೇ ಕಾಣದ ಸಾಲ್ಮನ್.

ಬಂದರಿನ ಮೀನು ಕೊಯ್ಯುವ ಕಟ್ಟೆಯ ಮೇಲೆ ಹುಡುಗಿ ಮೊದಲು ನೋಡಿದ್ದು ಬಾಲದ ಮುಂದಿನ ಪುಟ್ಟ ಈಜುರೆಕ್ಕೆಯನ್ನು. ಹ್ಯಾಚರಿಯಿಂದ, ಅಂದರೆ ಮೀನುಮರಿ ಸಾಕುವ ಕೇಂದ್ರದಿಂದ, ಬಿಡುವ ಮರಿಗಳ ಆ ರೆಕ್ಕೆ ಕತ್ತರಿಸಿ, ಮೂಗಿನೊಳಗೆ ಕೂದಲಿನಷ್ಟು ಸಣ್ಣ ತಂತಿಯ ತುಣುಕು ಇಟ್ಟಿರುತ್ತಾರೆ; ಅಂಥ ಮೀನಿನ ತಲೆಯನ್ನು ಇಲಾಖೆಯವರು ಕೇಳಿ ಪಡೆಯುತ್ತಾರೆ. ಇದರ ರೆಕ್ಕೆ ಇಡಿಯಾಗಿತ್ತು. ‘ಇದು ಹೊಳೆಯಲ್ಲೇ ಹುಟ್ಟಿದ್ದು. ಬಹುಶಃ ಆಚೆ ದಡದ್ದು’ ಅಂದಳು. ಹೊಟ್ಟೆ ಸೀಳಿದಾಗ ಎರಡು ಏಲ್‌ವೈಫ್ ಹೊರಬಂದವು, ಒಂದರ ಹುರುಪೆ ಕೂಡ ಇನ್ನೂ ಕರಗಿರಲಿಲ್ಲ. ಅದರ ಹಿಂದೆ ಕಿತ್ತಳೆ ಬಣ್ಣದ ಮೊಟ್ಟೆಯ ಎರಡು ಉದ್ದನೆಯ ಚೀಲ. ಇನ್ನೊಂದು ತಿಂಗಳಿದ್ದರೆ ಹೊಳೆ ಹತ್ತಿ, ಮೊಟ್ಟೆ ಇಟ್ಟು ಸಾಯುತ್ತಿತ್ತು. ಚಿನೂಕ್ ಒಂದೇ ಸಲ ಮೊಟ್ಟೆ ಇಡುವುದು. ಮೂವತ್ತು ವರ್ಷ ಮೀನು ಹಿಡಿದವರಿಗೆ ಇದೆಲ್ಲ ಮಾಮೂಲು. ನನಗೆ ಆ ಚೀಲ ನೋಡಿ ಸಂಭ್ರಮ ಸ್ವಲ್ಪ ತಗ್ಗಿತು, ಅಷ್ಟು ಹೇಳಬಲ್ಲೆ. ಹಾಗಂತ ಬಿಡಬೇಕಿತ್ತು ಅಂತಲೂ ಅನ್ನಿಸಲಿಲ್ಲ. ನೂರು ಅಡಿ ಆಳದಿಂದ ಅಷ್ಟು ಹೊತ್ತು ಹೋರಾಡಿಸಿ ಎಳೆದ ಮೀನು ಮತ್ತೆ ಕೆಳಗಿಳಿದು ಚೇತರಿಸಿಕೊಳ್ಳುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಅವಳು ಚರ್ಮ ಸುಲಿದು, ಹೊಟ್ಟೆಯ ಕೊಬ್ಬು ತೆಗೆದು, ಪಕ್ಕೆಯ ನಡುಗೆರೆಯ ಗುಂಟ ಇರುವ ಕಂದು ಮಾಂಸವನ್ನು ಹೆರೆದು ಬಿಸಾಡಿದಳು. ಅಮೆರಿಕದಲ್ಲಿ 1979ರಲ್ಲೇ ನಿಷೇಧಿಸಿದ ಪಿಸಿಬಿ ರಾಸಾಯನಿಕ ಇನ್ನೂ ಸರೋವರದ ತಳದಲ್ಲಿದೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತ ಅದು ಸೇರಿಕೊಳ್ಳುವುದು ಕೊಬ್ಬಿನಲ್ಲಿ. ಹಾಗಾಗಿ ದೊಡ್ಡ ಚಿನೂಕ್ ಎಷ್ಟು ತಿನ್ನಬಹುದು ಅನ್ನುವುದಕ್ಕೆ ಸರ್ಕಾರದ ಸಲಹೆ ಇದೆ. ಕೋಹೊಗಳನ್ನು ನಾಲ್ವರೂ ಹಂಚಿಕೊಂಡೆವು. ಕಿಂಗ್‌ನ ಮಾಂಸವನ್ನು ಸಣ್ಣ ಪೊಟ್ಟಣ ಮಾಡಿ ಫ್ರೀಜರಿಗೆ ಹಾಕಿ, ತಿಂಗಳಿಗೊಂದರಂತೆ ತೆಗೆಯುವುದೆಂದು ಮನೆಯಲ್ಲಿ ತೀರ್ಮಾನವಾಯಿತು.

ಆ ರಾತ್ರಿಯೇ ಗಾಳಿ ಈಶಾನ್ಯಕ್ಕೆ ತಿರುಗಿತು. ಎರಡು ದಿನ ಬಿಟ್ಟು ಕ್ಯಾಪ್ಟನ್‌ಗೆ ಫೋಟೊ ಕಳಿಸಿ ಹೇಗಿದೆ ಅಂತ ಕೇಳಿದೆ. ಬೆಚ್ಚಗಿನ ನೀರು ದಡಕ್ಕೆ ವಾಪಸು ಬಂದಿದೆ, ಮೀನು ಮತ್ತೆ 85ಕ್ಕೆ ಇಳಿದಿವೆ, ಬೆಳಗಿನ ತಂಡಕ್ಕೆ ಒಂಬತ್ತು ಸಿಕ್ಕವು, ನಡುವಿನ ಕೋಲನ್ನು 140ಕ್ಕೆ ಬಿಟ್ಟಿದ್ದೆ, ಅದು ಅಲ್ಲಾಡಲೂ ಇಲ್ಲ ಅಂತ ಬರೆದರು.